ಲಕ್ಷಗಟ್ಟಲೆ ಫೈಲ್ ಇರುವ ಫೋಲ್ಡರ್ ಅಳಿಸಲು ಯಾಕೆ ಇಷ್ಟು ಹೊತ್ತು?

40 ಜಿಬಿಯ ಒಂದೇ ವಿಡಿಯೊ ಸಾಮಾನ್ಯವಾಗಿ ಬೇಗ ಡಿಲೀಟ್ ಆಗುತ್ತದೆ. ಅದಕ್ಕಿಂತ ಚಿಕ್ಕ ಫೋಲ್ಡರ್ ಒಂದಕ್ಕೆ ಗಂಟೆಗಟ್ಟಲೆ ಬೇಕಾಗಬಹುದು. ಅಳಿಸುವಾಗ ಮುಖ್ಯವಾಗುವುದು ಗಾತ್ರಕ್ಕಿಂತ ಫೈಲುಗಳ ಸಂಖ್ಯೆ. ಲಿನಕ್ಸ್‌ನ ಇಎಕ್ಸ್‌ಟಿ4 (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆ, ಅಂದರೆ ಫೈಲ್ ಸಿಸ್ಟಮ್) ಇಟ್ಟುಕೊಂಡು ಇದನ್ನು ನೋಡೋಣ.

ನಮ್ಮೂರಿನದೇ ಲೆಕ್ಕ ಹಾಕೋಣ. ಕಾರವಾರದ ಕೋಡಿಬಾಗದಲ್ಲಿ, ಕಾಳಿ ನದಿ ಸಮುದ್ರ ಸೇರುವ ಕಡೆ ಮುಖ ಮಾಡಿ ಒಂದು ಕ್ಯಾಮೆರಾ ಇಟ್ಟಿದ್ದಾರೆ ಅಂದುಕೊಳ್ಳಿ. 10 ಸೆಕೆಂಡಿಗೊಂದು ಫೋಟೊ. ದಿನಕ್ಕೆ 8,640, ವರ್ಷಕ್ಕೆ 31,53,600. ಎಲ್ಲವೂ ಒಂದೇ ಫೋಲ್ಡರಿನಲ್ಲಿ. ತಾರೀಕು, ಸಮಯ ಸೇರಿ ಪ್ರತಿ ಹೆಸರು 19 ಅಕ್ಷರ ಅಂತಿಟ್ಟುಕೊಳ್ಳಿ. ಡೈರೆಕ್ಟರಿಯಲ್ಲಿ, ಅಂದರೆ ಫೋಲ್ಡರಿನ ಹೆಸರುಪಟ್ಟಿಯಲ್ಲಿ, ಅಂಥ ಒಂದು ಹೆಸರಿಗೆ 28 ಬೈಟ್ ಬೇಕು. ಅಂದರೆ ಬರೀ ಹೆಸರುಗಳ ಪಟ್ಟಿಯೇ ಕಡಿಮೆಯೆಂದರೂ 88 ಎಂಬಿ!

ಇದನ್ನು ಅಳಿಸಲು ಆರ್‌ಎಂ (ಫೈಲ್ ಅಳಿಸುವ ಕಮಾಂಡ್) ಕೊಟ್ಟರೆ ಏನಾಗುತ್ತದೆ? ಫೋಲ್ಡರನ್ನು ಇಡಿಯಾಗಿ ಕಿತ್ತುಹಾಕುವ ಸಿಸ್ಟಮ್ ಕಾಲ್ (ಪ್ರೋಗ್ರಾಂ ಆಪರೇಟಿಂಗ್ ಸಿಸ್ಟಮ್‌ಗೆ ಮಾಡುವ ಕೋರಿಕೆ) ಲಿನಕ್ಸ್‌ನಲ್ಲಿಲ್ಲ. ಆರ್‌ಎಂ ಪಟ್ಟಿ ಓದುತ್ತಾ ಒಂದೊಂದು ಹೆಸರಿಗೂ ಅನ್‌ಲಿಂಕ್ (ಒಂದು ಹೆಸರು ತೆಗೆಯುವ ಸಿಸ್ಟಮ್ ಕಾಲ್) ಕರೆಯಬೇಕು. ಪ್ರತಿ ಸಲವೂ ಡೈರೆಕ್ಟರಿಯಿಂದ ಹೆಸರು ತೆಗೆಯಬೇಕು, ಐನೋಡ್‌ನ (ಫೈಲಿನ ವಿವರ ಇರುವ ದಾಖಲೆ) ಲಿಂಕ್ ಎಣಿಕೆ, ಅಂದರೆ ಆ ಫೈಲಿಗಿರುವ ಹೆಸರುಗಳ ಸಂಖ್ಯೆ, ಇಳಿಸಬೇಕು. ಅದು ಸೊನ್ನೆಯಾದರೆ ಐನೋಡ್ ಮತ್ತು ಬ್ಲಾಕ್‌ಗಳ ಬಿಟ್‌ಮ್ಯಾಪ್‌ನಲ್ಲಿ (ಯಾವುದು ಖಾಲಿ, ಯಾವುದು ಭರ್ತಿ ಎಂಬ ಪಟ್ಟಿ) ಜಾಗ ಖಾಲಿ ಅಂತ ಬರೆಯಬೇಕು. ಇದೆಲ್ಲ ಜರ್ನಲ್‌ಗೂ (ಬದಲಾವಣೆಗಳನ್ನು ಮೊದಲೇ ಬರೆದಿಡುವ ದಾಖಲೆ) ಹೋಗಬೇಕು. 31 ಲಕ್ಷ ಸಲ!

ಹಾರ್ಡ್ ಡಿಸ್ಕಿನಲ್ಲಿ ಇನ್ನೊಂದು ತೊಂದರೆಯಿದೆ. ಇಎಕ್ಸ್‌ಟಿ4 ಹೆಸರುಗಳನ್ನು ಹ್ಯಾಶ್ (ಹೆಸರಿನಿಂದ ಲೆಕ್ಕ ಹಾಕಿದ ಸಂಖ್ಯೆ) ಕ್ರಮದಲ್ಲಿ ಕೊಡುತ್ತದೆ. ಐನೋಡ್‌ಗಳು ಡಿಸ್ಕಿನ ಮೇಲೆ ಆ ಕ್ರಮದಲ್ಲಿ ಇರುವುದಿಲ್ಲ. ಹಾಗಾಗಿ ಡಿಸ್ಕಿನ ಹೆಡ್ ಅತ್ತಿಂದಿತ್ತ ಓಡುತ್ತಲೇ ಇರುತ್ತದೆ. 7,200 ಆರ್‌ಪಿಎಂ ಡಿಸ್ಕ್ ಒಂದು ಸುತ್ತಿಗೇ 8.3 ಮಿಲಿಸೆಕೆಂಡ್ ತಗೊಳ್ಳುತ್ತದೆ. ಪ್ರತಿ ಫೈಲಿಗೆ 10 ಮಿಲಿಸೆಕೆಂಡ್ ಹಿಡಿದರೆ ಒಟ್ಟು ಎಂಟೂಮುಕ್ಕಾಲು ಗಂಟೆ. ಓದಿದ್ದನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಕ್ಯಾಶ್ ಇರುವುದರಿಂದ ನಿಜವಾಗಿ ಇದಕ್ಕಿಂತ ಕಡಿಮೆಯೇ ಆಗುತ್ತದೆ, ಆದರೂ ನಿಧಾನಕ್ಕೆ ಕಾರಣ ಇದೇ. ಅದರ ಬದಲು ಐನೋಡ್ ಸಂಖ್ಯೆಯ ಕ್ರಮದಲ್ಲಿ ಅಳಿಸಿದರೆ 4 ಕೆಬಿಯ ಒಂದು ಬ್ಲಾಕ್ ಓದಿದ ಕೂಡಲೇ 16 ಐನೋಡ್ ಕೈಗೆ ಸಿಗುತ್ತವೆ. ಎಷ್ಟು ವ್ಯತ್ಯಾಸ, ಅಲ್ವಾ? ಈಗಿನ ಜಿಎನ್‌ಯು ಆರ್‌ಎಂ 10,000ಕ್ಕಿಂತ ಜಾಸ್ತಿ ಫೈಲಿದ್ದರೆ ಹೀಗೆ ತಾನೇ ಜೋಡಿಸಿಕೊಳ್ಳುತ್ತದೆ. ನಾವು ಪೈಥಾನ್‌ನಲ್ಲಿ ಸುಮ್ನೆ ಒಂದು ಲೂಪ್ ಬರೆದು ಅಳಿಸಿದರೆ ಆ ಅನುಕೂಲ ಸಿಗುವುದಿಲ್ಲ. ಎಸ್‌ಎಸ್‌ಡಿಯಲ್ಲಿ ಹೆಡ್ ಓಡಾಟ ಇಲ್ಲ, ಆದರೆ ಜರ್ನಲ್ ಕೆಲಸ ತಪ್ಪುವುದಿಲ್ಲ.

ಖಾಲಿ ಫೋಲ್ಡರ್ ಜೊತೆ ಆರ್‌ಸಿಂಕ್ (ಎರಡು ಫೋಲ್ಡರನ್ನು ಒಂದೇ ಥರ ಮಾಡುವ ಪ್ರೋಗ್ರಾಂ) ಮಾಡಿ ಅಳಿಸುವ ಉಪಾಯವನ್ನು ತುಂಬಾ ಜನ ಹೇಳುತ್ತಾರೆ. ನನಗದು ದೊಡ್ಡ ಉಪಾಯ ಅನ್ನಿಸುವುದಿಲ್ಲ. ಕೊನೆಗೆ ಅದೂ ಕರೆಯುವುದು ಅನ್‌ಲಿಂಕನ್ನೇ. ಫೋಲ್ಡರಿನ ಒಳಗೆ ಹೋಗಿ ಆರ್‌ಎಂ ಜೊತೆ ನಕ್ಷತ್ರ ಚಿಹ್ನೆ (ಎಲ್ಲ ಫೈಲುಗಳ ಹೆಸರು ಅಂತ ಅರ್ಥ) ಹಾಕಿದರೆ ಆರ್ಗ್ಯುಮೆಂಟ್ ಪಟ್ಟಿ ಉದ್ದವಾಯಿತು ಅಂತ ಎರರ್ ಬರುತ್ತದೆ. ಅಲ್ಲಿ ಫೈಂಡ್ ಕಮಾಂಡಿನ ಡಿಲೀಟ್ ಆಯ್ಕೆ ಬಳಸಿ. ಜಾಗ ತುರ್ತಾಗಿ ಬೇಡ, ಹಳೆಯ ಹೆಸರು ಮಾತ್ರ ಬೇಕು ಅಂದರೆ ಅದೇ ಪಾರ್ಟಿಷನ್‌ನಲ್ಲಿ ಫೋಲ್ಡರಿನ ಹೆಸರು ಬದಲಿಸಿ. ಅದು ಕೂಡಲೇ ಆಗುತ್ತದೆ. ಅಳಿಸುವ ಕೆಲಸ ಹಿಂದೆ ನಡೆಯುತ್ತಿರಲಿ.

ನಮ್ಮ ಕರಾವಳಿಯಲ್ಲಿ ಮಳೆಗಾಲ ಬಂತೆಂದರೆ ಕರೆಂಟಿನ ಚಿಂತೆ ಇದ್ದದ್ದೇ. ಅರ್ಧದಲ್ಲಿ ಹೋದರೆ ಹೆದರಬೇಡಿ. ಜರ್ನಲ್ ಇರುವುದು ಅದಕ್ಕೇ. ಅದು ಸಾಮಾನ್ಯವಾಗಿ 5 ಸೆಕೆಂಡಿಗೊಮ್ಮೆ ಕಮಿಟ್ ಆಗುತ್ತದೆ, ಅಂದರೆ ಡಿಸ್ಕಿನಲ್ಲಿ ಖಾಯಂ ಆಗುತ್ತದೆ. ಕೊನೆಯ ಕೆಲವು ಸೆಕೆಂಡುಗಳಲ್ಲಿ ಅಳಿಸಿದ ಫೈಲು ಮತ್ತೆ ಕಾಣಬಹುದು, ಅಷ್ಟೆ. ಆರ್‌ಎಂ ಮತ್ತೊಮ್ಮೆ ಕೊಟ್ಟರಾಯಿತು.

ಒಳಗಿನ ಫೈಲುಗಳನ್ನೆಲ್ಲ ಅಳಿಸಿ ಫೋಲ್ಡರ್ ಮಾತ್ರ ಉಳಿಸಿಕೊಂಡರೆ ಇನ್ನೊಂದು ವಿಷಯ ಕಾಣುತ್ತದೆ. ಎಲ್‌ಎಸ್ (ಪಟ್ಟಿ ತೋರಿಸುವ ಕಮಾಂಡ್) ಕೊಟ್ಟು ನೋಡಿದರೆ ಆ ಖಾಲಿ ಫೋಲ್ಡರಿನ ಗಾತ್ರ ಇನ್ನೂ ಹತ್ತಾರು ಎಂಬಿಯೇ ಇರುತ್ತದೆ. ಇಎಕ್ಸ್‌ಟಿ4ನಲ್ಲಿ ಬೆಳೆದ ಡೈರೆಕ್ಟರಿ ತಾನಾಗಿ ಕುಗ್ಗುವುದಿಲ್ಲ. ಫೋಲ್ಡರನ್ನೇ ತೆಗೆದು ಹೊಸದು ಮಾಡಿಕೊಳ್ಳಿ.

ಶುರುವಿನಲ್ಲೇ ದಿನಕ್ಕೊಂದು ಫೋಲ್ಡರ್ ಮಾಡಿದ್ದರೆ ಹಳೆಯದನ್ನು ದಿನಾ 8,640ರಂತೆ ತೆಗೆಯಬಹುದಿತ್ತು. ಫೋಟೊಗಳಿಗೇ ಬೇರೆ ಪಾರ್ಟಿಷನ್ ಕೊಟ್ಟಿದ್ದರೆ ಇನ್ನೂ ಸುಲಭ. ವರ್ಷದ ಕೊನೆಗೆ ಅದನ್ನು ಫಾರ್ಮ್ಯಾಟ್ ಮಾಡಿದರೆ ಒಂದು ಅನ್‌ಲಿಂಕೂ ಬೇಕಿಲ್ಲ.