ಮಂಡ್ಯದ ಸವಳು ಬಾವಿ, ಆರ್‌ಒ ಘಟಕ: ಉಪ್ಪು ಹೋಗುವುದೆಲ್ಲಿಗೆ?

ಕಾವೇರಿ ಹರಿಯುವ ಮಂಡ್ಯ ಜಿಲ್ಲೆಯಲ್ಲಿ ಕುಡಿಯುವ ನೀರಿಗೆ ಉಪ್ಪು ಬೇರ್ಪಡಿಸುವ ಆರ್‌ಒ (ರಿವರ್ಸ್ ಆಸ್ಮೋಸಿಸ್) ಯಂತ್ರ ಬೇಕಾಯಿತೆಂದರೆ ಹೊರಗಿನವರಿಗೆ ಅಚ್ಚರಿಯಾದೀತು. ಹಳ್ಳಿಯ ಹೆಂಗಸರಿಗೆ ಮಾತ್ರ ಊರಿನ ಯಾವ ಬಾವಿ ಸಿಹಿ, ಯಾವುದು ಸವಳು ಎಂಬುದು ಮೊದಲಿನಿಂದಲೂ ಗೊತ್ತು. ಸವಳು ನೀರಿನಲ್ಲಿ ಬೇಳೆ ಬೇಗ ಬೇಯುವುದಿಲ್ಲ, ಸೋಪು ನೊರೆ ಬಿಡುವುದಿಲ್ಲ, ಹಂಡೆಯ ಒಳಮೈಗೆ ಬಿಳಿ ಪದರ ಕಟ್ಟುತ್ತದೆ. ಆದ್ದರಿಂದ ಅಂಥ ಬಾವಿಯನ್ನು ದನಕರುಗಳಿಗೂ ಮುಸುರೆ ತಿಕ್ಕುವುದಕ್ಕೂ ಬಿಟ್ಟು, ಕುಡಿಯಲು ಸಿಹಿನೀರಿನ ಬಾವಿಯಿಂದ ಹೊತ್ತು ತರುವುದು ರೂಢಿಯಾಗಿತ್ತು.

ಉಪ್ಪಿನ ಮೂಲ ಎರಡು. ಇಲ್ಲಿನ ಗಟ್ಟಿಶಿಲೆಯ ಬಿರುಕುಗಳಲ್ಲಿ ಬಹುಕಾಲ ನಿಂತ ನೀರು ಖನಿಜಗಳನ್ನು ಕರಗಿಸಿಕೊಳ್ಳುತ್ತದೆ. ಇನ್ನೊಂದು ನಾವೇ ತಂದದ್ದು. 1911ರಲ್ಲಿ ಕಟ್ಟಲಾರಂಭಿಸಿದ ಕನ್ನಂಬಾಡಿ ಅಣೆಕಟ್ಟೆಯಿಂದ, ಆಗ ಇರ್ವಿನ್ ನಾಲೆ ಎನಿಸಿಕೊಂಡಿದ್ದ ಇಂದಿನ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿದು ಬಂದಾಗ ಭತ್ತ, ಕಬ್ಬು ಬೆಳೆದು ಜಿಲ್ಲೆಯ ಬದುಕೇ ಬದಲಾಯಿತು. ಆದರೆ ಬಸಿಗಾಲುವೆಗಳಿಲ್ಲದ ತಗ್ಗಿನ ಗದ್ದೆಗಳಲ್ಲಿ ಅಂತರ್ಜಲ ಮೇಲೇರಿ, ನೀರು ಆವಿಯಾಗಿ, ಉಪ್ಪು ಮಾತ್ರ ಉಳಿದು ನೆಲ ಚೌಳಾಯಿತು. ಅದರ ಬಸಿನೀರು ಸುತ್ತಲಿನ ಬಾವಿಗಳಿಗೂ ಇಳಿಯಿತು.

ಆಮೇಲೆ ಕೈಪಂಪುಗಳೂ ಕೊಳವೆಬಾವಿಗಳೂ ಬಂದವು. ತೆರೆದ ಬಾವಿಯ ನೀರಿನಿಂದ ಹರಡುತ್ತಿದ್ದ ರೋಗಗಳ ಹಾವಳಿ ಇವುಗಳಿಂದ ತಗ್ಗಿತೆಂಬುದು ದೊಡ್ಡ ಮಾತೇ. ಆದರೆ ಒಂದೇ ಕೊಳವೆಬಾವಿಯ ನೀರು ಊರಿನ ಎಲ್ಲ ತೊಂಬೆ, ನಲ್ಲಿಗಳಿಗೆ ಹರಿದ ಮೇಲೆ ಸಿಹಿ ಬಾವಿ, ಸವಳು ಬಾವಿ ಎಂಬ ಆಯ್ಕೆ ಉಳಿಯಲಿಲ್ಲ. ಬಳಸದ ಸಿಹಿ ಬಾವಿಗಳು ಹೂಳು ತುಂಬಿದವು. ಈ ನಷ್ಟವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲವೆಂಬುದು ನನ್ನ ಕೊರಗು. ಕುಡಿಯುವ ನೀರಿನಲ್ಲಿ ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು, ಬೇರೆ ಮೂಲವಿಲ್ಲದಿದ್ದರೆ 2000ದವರೆಗೆ ಇರಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ.

ನೀರನ್ನು ಒತ್ತಡದಿಂದ ಪೊರೆಯ ಮೂಲಕ ಹಾಯಿಸಿ ಉಪ್ಪನ್ನು ಬೇರ್ಪಡಿಸುವ ಆರ್‌ಒ ತಂತ್ರ ಊರಿನ ಬಳಕೆಗೆ ಬಂದದ್ದು ಇಂಥ ಬಾವಿಗಳ ನಂಟಿನಲ್ಲೇ. ಲಾಸ್ ಏಂಜಲೀಸ್‌ನ ವಿಶ್ವವಿದ್ಯಾಲಯದಲ್ಲಿ ಸಿಡ್ನಿ ಲೋಬ್ ಮತ್ತು ಶ್ರೀನಿವಾಸ ಸೌರಿರಾಜನ್ 1950ರ ದಶಕದ ಕೊನೆಯಲ್ಲಿ ಸಾಕಷ್ಟು ನೀರು ಬಿಡುವ, ಆದರೆ ಉಪ್ಪನ್ನು ತಡೆಯುವ ಪೊರೆಯನ್ನು ರೂಪಿಸಿದರು. 1965ರಲ್ಲಿ ಅದು ಕ್ಯಾಲಿಫೋರ್ನಿಯಾದ ಕೋಲಿಂಗಾ ಎಂಬ ಸಣ್ಣ ಊರಿನ ಸವಳು ಅಂತರ್ಜಲವನ್ನು ಕುಡಿಯುವಂತೆ ಮಾಡಿತು.

ಕರ್ನಾಟಕದಲ್ಲಿ ಕಳೆದ ದಶಕದಿಂದ ಹಳ್ಳಿಹಳ್ಳಿಗೂ ಶುದ್ಧ ಕುಡಿಯುವ ನೀರಿನ ಘಟಕಗಳು ಬಂದವು. ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತದೆ. ಒಳಗೆ ನೀರು ಮೊದಲು ಮರಳಿನ, ಬಳಿಕ ಇದ್ದಿಲಿನ ಶೋಧಕ ದಾಟಿ, ಪಂಪಿನ ಒತ್ತಡಕ್ಕೆ ಸಿಕ್ಕಿ ಉದ್ದನೆಯ ಕೊಳವೆಗಳಲ್ಲಿ ಸುತ್ತಿಟ್ಟ ಪೊರೆಯನ್ನು ಹಾಯುತ್ತದೆ. ಗಡಸು ನೀರಿನ ಊರಿನಲ್ಲಿ ಸುಣ್ಣಗಟ್ಟುವುದನ್ನು ತಡೆಯುವ ರಾಸಾಯನಿಕ ಮುಗಿದರೂ ತರಿಸದೆ ಘಟಕ ನಡೆಸಿದರೆ ಪೊರೆ ಕಟ್ಟಿಕೊಳ್ಳುತ್ತದೆ. ಪಂಪು ಹೆಚ್ಚು ದುಡಿದರೂ ನಲ್ಲಿಯ ಧಾರೆ ಸಣ್ಣಗಾಗುತ್ತದೆ. ಪೊರೆ ಹಾಳಾದರೆ ಉಪ್ಪು ಮತ್ತೆ ನುಸುಳುತ್ತದೆ, ಆದರೆ ಕ್ಯಾನಿನ ನೀರು ನೋಡಲು ಹಾಗೆಯೇ ತಿಳಿಯಾಗಿರುತ್ತದೆ. ಘಟಕ ಕಟ್ಟುವುದಕ್ಕೆ ಸಿಗುವ ಹಣ ಅದರ ನಿರ್ವಹಣೆಗೂ ಸಿಗಬೇಕೆನ್ನುವುದು ಇದಕ್ಕೇ.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ತ್ಯಾಜ್ಯ ನೀರು. ಪೊರೆ ಉಪ್ಪನ್ನು ನಾಶ ಮಾಡುವುದಿಲ್ಲ, ಬೇರ್ಪಡಿಸುತ್ತದೆ ಅಷ್ಟೆ. ಲೀಟರಿಗೆ 1800 ಮಿಲಿಗ್ರಾಂ ಲವಣವಿರುವ 100 ಲೀಟರ್ ನೀರಿನಲ್ಲಿ 60 ಲೀಟರ್ ಕುಡಿಯಲು ಸಿಕ್ಕರೆ, ಉಳಿದ 40 ಲೀಟರಿನಲ್ಲಿ ಲವಣ ಲೀಟರಿಗೆ ಸುಮಾರು 4500 ಮಿಲಿಗ್ರಾಂ ಆಗುತ್ತದೆ. ಅದನ್ನು ಘಟಕದ ಹಿಂದಿನ ಚರಂಡಿಗೆ ಬಿಟ್ಟರೆ ಇಂಗಿ ಅದೇ ಕೊಳವೆಬಾವಿಯತ್ತ ಮರಳಬಹುದು. ಲವಣಾಂಶ 500ಕ್ಕಿಂತ ಕಡಿಮೆಯಿರುವಲ್ಲಿ ಆರ್‌ಒ ಬಳಕೆಯನ್ನು ನಿಷೇಧಿಸುವಂತೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಸೂಚಿಸಿದ್ದು ಇಂಥ ಪೋಲನ್ನು ತಡೆಯುವುದಕ್ಕೇ. ಆ ಪ್ರಕಾರ ನೋಡಿದರೆ, ಹಲವು ಹಳ್ಳಿಗಳಿಗೆ ಒಟ್ಟಾಗಿ ನೀರು ಕೊಡುವ ಬಹುಗ್ರಾಮ ಯೋಜನೆಯ ಕಾವೇರಿ ನೀರು ಸರಿಯಾಗಿ ಶುದ್ಧವಾಗಿ ತಲುಪುವ ಊರಿಗೆ ಆರ್‌ಒ ಬೇಕಿಲ್ಲ. ನದಿನೀರು ಇನ್ನೂ ಮುಟ್ಟದ ಊರುಗಳಲ್ಲಿ ಘಟಕ ಇರಲೇಬೇಕು. ಆದರೆ ತ್ಯಾಜ್ಯ ನೀರಿಗೆ ಪ್ರತ್ಯೇಕ ತೊಟ್ಟಿ ಕಟ್ಟಿಸಿ, ಅದನ್ನು ಶೌಚಾಲಯಕ್ಕೆ ಬಳಸುವ ಇಲ್ಲವೇ ನೆಲಕ್ಕಿಂಗದ ಹೊಂಡದಲ್ಲಿ ಆವಿಯಾಗಿಸುವ ಏರ್ಪಾಡನ್ನು ಗ್ರಾಮ ಪಂಚಾಯಿತಿ ಘಟಕದ ಅಂದಾಜುಪಟ್ಟಿಯಲ್ಲೇ ಸೇರಿಸಬೇಕು. ಕೊಳವೆಬಾವಿಯ, ಕ್ಯಾನಿನ ಮತ್ತು ತ್ಯಾಜ್ಯದ ಲವಣಾಂಶವನ್ನು ತಿಂಗಳಿಗೊಮ್ಮೆ ಘಟಕದ ಗೋಡೆಯ ಮೇಲೆ ಬರೆಸಲು ಬೇಕಾದದ್ದು ಒಂದು ಸಣ್ಣ ಮೀಟರು ಮತ್ತು ಒಂದು ಫಲಕ.