ಗುಳ್ಳೆಯ ಮೂಲ ಮಾತ್ರೆ ಡಬ್ಬಿಯಲ್ಲಿತ್ತು

ಕುಮಟಾದ ನಮ್ಮ ದೊಡ್ಡಮ್ಮನಿಗೆ ಮೊದಲು ಬಂದದ್ದು ತುರಿಕೆ. ಆಮೇಲೆ ಕಾಲ ತುಂಬ ನೀರುಗುಳ್ಳೆ. ಸರ್ಪಸುತ್ತು ಅಂತ ಕಾವಿ ಹಚ್ಚಿದೆವು. ಆದರೆ ಸರ್ಪಸುತ್ತು ಸಾಮಾನ್ಯವಾಗಿ ಮೈಯ ಒಂದೇ ಬದಿಗೆ ಪಟ್ಟಿಯ ಹಾಗೆ ಏಳುತ್ತದೆ, ಅಲ್ವಾ? ಇದು ಎರಡೂ ಕಾಲಿಗೆ, ಹೊಟ್ಟೆಗೆ ಹರಡಿತ್ತು. ಮೂರು ವಾರ ಸುಮ್ನೆ ಹಾಳಾಯಿತು. ಚರ್ಮದ ಡಾಕ್ಟರು ಮೊದಲು ಕೇಳಿದ್ದು, 'ಏನೇನು ಮಾತ್ರೆ ತಗೊಳ್ತೀರಿ ಅಮ್ಮ?'

ಈ ಪ್ರಶ್ನೆ ಹುಟ್ಟಲು ಬಹಳ ವರ್ಷ ಬೇಕಾಯಿತು. 1953ರಲ್ಲಿ ವಾಲ್ಟರ್ ಲೀವರ್ ಎಂಬ ವೈದ್ಯರು ಮೈಮೇಲೆ ನೀರುಗುಳ್ಳೆ ಏಳಿಸುವ ಎರಡು ಕಾಯಿಲೆಗಳು, ಪೆಂಫಿಗಸ್ ಮತ್ತು ಪೆಂಫಿಗಾಯ್ಡ್, ಬೇರೆ ಬೇರೆ ಎಂದು ತೋರಿಸಿದರು. ಪೆಂಫಿಗಸ್‌ನಲ್ಲಿ ಮೇಲ್ಚರ್ಮದ ಕೋಶಗಳೇ ಪರಸ್ಪರ ಕೈಬಿಡುತ್ತವೆ. ಗುಳ್ಳೆ ಬೇಗ ಒಡೆಯುತ್ತದೆ, ಬಾಯಲ್ಲೂ ಹುಣ್ಣಾಗುತ್ತದೆ. ಪೆಂಫಿಗಾಯ್ಡ್‌ನಲ್ಲಿ ಮೇಲ್ಚರ್ಮ ಪೂರ್ತಿ ಬುಡದಿಂದ ಏಳುತ್ತದೆ. ಹಾಗಾಗಿ ಗುಳ್ಳೆ ಬಿಗಿ. 1964ರಲ್ಲಿ ಬ್ಯೂಟ್ನರ್ ಮತ್ತು ಜೋರ್ಡನ್ ಪೆಂಫಿಗಸ್ ರೋಗಿಗಳ ರಕ್ತದಲ್ಲಿ ಚರ್ಮಕ್ಕೇ ಅಂಟುವ ಪ್ರತಿಕಾಯ (ರೋಗಾಣುವಿನ ಮೇಲೆ ಬೀಳಬೇಕಾದ ರಕ್ಷಣಾ ಪ್ರೋಟೀನ್) ಕಂಡುಹಿಡಿದರು. ಮೈ ತನ್ನ ಮೇಲೆ ತಾನೇ ತಿರುಗಿಬಿದ್ದಿತ್ತು.

ಮೈಯನ್ನು ಹಾಗೆ ಕೆರಳಿಸುವುದರಲ್ಲಿ ಮಾತ್ರೆಯ ಕೈವಾಡವೂ ಇರಬಹುದೆಂದು 1969ರಲ್ಲಿ ಫ್ರಾನ್ಸಿನಲ್ಲಿ ಗೊತ್ತಾಯಿತು. ಮೈಯಲ್ಲಿ ತಾಮ್ರ ಸೇರಿಕೊಳ್ಳುವ ವಿಲ್ಸನ್ ಕಾಯಿಲೆಗೆ ಪೆನಿಸಿಲಮೈನ್ ತಗೊಳ್ಳುತ್ತಿದ್ದ ಒಬ್ಬರಿಗೆ ಪೆಂಫಿಗಸ್ ಬಂದಿತ್ತು. ಆಮೇಲೆ ಬಿಪಿಯ ಕ್ಯಾಪ್ಟೊಪ್ರಿಲ್ ಮೇಲೂ ಅನುಮಾನ ಬಂತು. 2006ರಲ್ಲಿ ಸಕ್ಕರೆ ಕಾಯಿಲೆಗೆ ಗ್ಲಿಪ್ಟಿನ್ ಮಾತ್ರೆಗಳು ಬಂದವು. 2011ರ ಹೊತ್ತಿಗೆ ಅವನ್ನು ನುಂಗುವ ಕೆಲವರಲ್ಲಿ ಪೆಂಫಿಗಾಯ್ಡ್ ವರದಿಯಾಗತೊಡಗಿತು. ಹೀಗಾಗುವುದು ತೀರ ಕಡಿಮೆ ಜನಕ್ಕೆ. ಆದರೆ 2019ರ ಕೊನೆಗೆ ಭಾರತದಲ್ಲಿ ಇದೇ ಗುಂಪಿನ ವಿಲ್ಡಾಗ್ಲಿಪ್ಟಿನ್ ಪೇಟೆಂಟ್ ಮುಗಿದು ಬೆಲೆ ಇಳಿಯಿತು. ನಮ್ಮ ಊರಿನ ಮೆಡಿಕಲ್‌ನಲ್ಲೂ ಈಗ ಸಲೀಸಾಗಿ ಸಿಗುತ್ತದೆ.

ಮಾತ್ರೆ ಶುರುವಾಗಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಆದಮೇಲೆ ಗುಳ್ಳೆ ಏಳುತ್ತದೆ. ಅದಕ್ಕೇ ಯಾರಿಗೂ ನಂಟು ಹೊಳೆಯುವುದಿಲ್ಲ.

ಪತ್ತೆಗೆ ಚರ್ಮದ ಎರಡು ಚೂರು ಬೇಕು. ಗುಳ್ಳೆಯ ಅಂಚಿನದು ಚೂರು ಕೊಳೆಯದಂತೆ ಇಡುವ ಫಾರ್ಮಲಿನ್‌ಗೆ. ಪಕ್ಕದ ಚರ್ಮದ ಇನ್ನೊಂದು ಚೂರನ್ನು ಮಾತ್ರ ಫಾರ್ಮಲಿನ್‌ಗೆ ಹಾಕಲೇಬಾರದು, ಹಾಕಿದರೆ ಪರೀಕ್ಷೆಯೇ ಕೆಡುತ್ತದೆ. ಅದನ್ನು ಮಿಶೆಲ್ ದ್ರಾವಣದಲ್ಲಿಟ್ಟರೆ ಐಸ್ ಇಲ್ಲದೆಯೂ ಕೆಲವು ದಿನ ತಾಳುತ್ತದೆ. ನಮ್ಮ ಜಿಲ್ಲೆಗೆ ಇದು ದೊಡ್ಡ ಮಾತು. ಕಾರವಾರ, ಶಿರಸಿಯಲ್ಲೇ ಚೂರು ತೆಗೆದರೆ ಸೀಸೆ ಮಾತ್ರ ಮಣಿಪಾಲಕ್ಕೋ ಹುಬ್ಬಳ್ಳಿಗೋ ಹೋದರೆ ಸಾಕು. ಗುಳ್ಳೆ ತುಂಬಿದ ಮೈಹೊತ್ತು ಮುದುಕಿ ಬಸ್ಸು ಹತ್ತಬೇಕಿಲ್ಲ. ಲ್ಯಾಬಿನಲ್ಲಿ ಹೊಳೆಯುವ ಬಣ್ಣ ಹಾಕಿದಾಗ ಚರ್ಮಕ್ಕೆ ಅಂಟಿದ ಪ್ರತಿಕಾಯ ಹೊಳೆಯುತ್ತದೆ. ಬಲೆಯ ಹಾಗೆ ಕಂಡರೆ ಪೆಂಫಿಗಸ್, ಬುಡದಲ್ಲಿ ಗೆರೆಯ ಹಾಗೆ ಕಂಡರೆ ಪೆಂಫಿಗಾಯ್ಡ್.

ದೊಡ್ಡಮ್ಮನ ಚೂರಿನಲ್ಲಿ ಕಂಡದ್ದು ಗೆರೆ, ಅಂದರೆ ಪೆಂಫಿಗಾಯ್ಡ್. ಆದರೆ ಆ ಗೆರೆ ಮಾತ್ರೆಯ ಹೆಸರು ಹೇಳುವುದಿಲ್ಲ. ಅದನ್ನು ಹೇಳಿದ್ದು ದೊಡ್ಡಮ್ಮನ ಬಿಸ್ಕತ್ ಡಬ್ಬಿಯಲ್ಲಿದ್ದ ಹಳೇ ಸ್ಟ್ರಿಪ್‌ಗಳು. ಎರಡು ವರ್ಷದಿಂದ ಗ್ಲಿಪ್ಟಿನ್ ನಡೆದಿತ್ತು. ಸಕ್ಕರೆ ನೋಡುವ ಡಾಕ್ಟರೇ ಅದನ್ನು ತೆಗೆದು ಬೇರೆ ಮಾತ್ರೆ ಕೊಟ್ಟರು. ಜೊತೆಗೆ ಸ್ಟಿರಾಯ್ಡ್ ಮುಲಾಮು. ಹೊಸ ಗುಳ್ಳೆ ಏಳುವುದು ನಿಂತಿದೆ. ಹಳೆಯವು ಒಣಗುತ್ತಿವೆ.