ಕಟ್ಟೋಕೆ ಅಂತ ಕಟ್ಟಿದ್ದೇ ಬೀಳೋದು

2023ರ ಜನವರಿ 10, ಬೆಳಗ್ಗೆ ಹೊತ್ತು, ಬೆಂಗಳೂರಿನ ನಾಗವಾರದ ಹತ್ರ ಔಟರ್ ರಿಂಗ್ ರೋಡಲ್ಲಿ ಮೆಟ್ರೋ ಪಿಲ್ಲರ್‌ಗೆ ಅಂತ ನಿಲ್ಲಿಸಿದ್ದ ಕಂಬಿಗಳ ಪಂಜರ ರಸ್ತೆ ಮೇಲೆ ಮಗುಚಿ ಬಿತ್ತು. ಟೂ ವೀಲರ್‌ನಲ್ಲಿ ಹೋಗ್ತಿದ್ದ ಒಂದು ಕುಟುಂಬದ ತಾಯಿ ಮತ್ತೆ ಪುಟ್ಟ ಮಗ ತೀರಿಕೊಂಡ್ರು. ಆವತ್ತು ರಾತ್ರಿ ನಮ್ಮನೇಲಿ ಟಿವಿ ನೋಡ್ತಾ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ, "ಅಲ್ಲ ಕಣೋ, ಅಷ್ಟು ದಪ್ಪ ದಪ್ಪ ಕಬ್ಬಿಣ, ಅದ್ ಹೆಂಗೆ ಬೀಳತ್ತೆ?" ಸಿವಿಲ್ ಡಿಪ್ಲೊಮಾ ಮಾಡ್ಕೊಂಡು ಸೈಟಲ್ಲಿ ಧೂಳು ಕುಡಿದಿರೋನು ನಾನು, ಥಟ್ ಅಂತ ಉತ್ತರ ಬರಬೇಕಿತ್ತು, ಬರಲಿಲ್ಲ.

ಆಮೇಲೆ ಕೂತು ಯೋಚನೆ ಮಾಡಿದ್ರೆ ಉತ್ತರ ಅಡುಗೆಮನೆ ಮೂಲೇಲೇ ಇತ್ತು. ಕಡ್ಡಿ ಪೊರಕೆ ತಗೊಳ್ಳಿ. ಬುಡ ಬಿಗಿಯಾಗಿ ಹಿಡಿದು ತುದಿಯನ್ನ ಪಕ್ಕಕ್ಕೆ ತಳ್ಳಿ, ಸುಲಭವಾಗಿ ಬಾಗತ್ತೆ, ಯಾಕಂದ್ರೆ ಒಂದೊಂದು ಕಡ್ಡಿನೂ ಪಕ್ಕದ ಕಡ್ಡಿ ಮೇಲೆ ಜಾರಿಕೊಂಡು ತಂತಾನೇ ಬಾಗತ್ತೆ. ಈಗ ಅದೇ ಕಡ್ಡಿಗಳ ಮಧ್ಯೆ ಪೂರ್ತಿ ಫೆವಿಕಾಲ್ ಸುರಿದು ಒಣಗಿಸಿದ್ರೆ ಜಾರೋಕೆ ಆಗಲ್ಲ, ಎಲ್ಲಾ ಸೇರಿ ಒಂದೇ ದಿಮ್ಮಿ ಥರ ನಿಲ್ಲತ್ತೆ. ಪಿಲ್ಲರ್‌ನಲ್ಲಿ ಆ ಫೆವಿಕಾಲ್ ಕೆಲಸ ಮಾಡೋದು ಕಾಂಕ್ರೀಟು. ಕಾಂಕ್ರೀಟ್ ಹಾಕೋ ತನಕ ಪಂಜರ ಅನ್ನೋದು ಬರೀ ಪೊರಕೆ, ಅದರ ಅಡ್ಡ ರಿಂಗ್‌ಗಳನ್ನ ಹಿಡಿದಿರೋ ತೆಳು ತಂತಿ, ಅಂದ್ರೆ ಬೈಂಡಿಂಗ್ ವೈರ್, ಇರೋದು ಕಂಬಿ ಜಾಗ ಬಿಟ್ಟು ಹೋಗದೇ ಇರಲಿ ಅಂತ ಅಷ್ಟೇ, ಭಾರ ಹೊರೋಕೆ ಅಂತ ಅಲ್ಲವೇ ಅಲ್ಲ.

ಅದರ ಮೇಲೆ ತೂಕ ಬೇರೆ. ಸೈಟಲ್ಲಿ ಎಲ್ರಿಗೂ ಬಾಯಿಪಾಠ ಆಗಿರೋ ಒಂದು ಲೆಕ್ಕ ಇದೆ, ಕಂಬಿಯ ದಪ್ಪವನ್ನ ಮಿಲಿಮೀಟರ್‌ನಲ್ಲಿ ತಗೊಂಡು ಸ್ಕ್ವೇರ್ ಮಾಡಿ 162ರಿಂದ ಭಾಗಿಸಿದ್ರೆ ಒಂದು ಮೀಟರ್‌ಗೆ ಎಷ್ಟು ಕೆಜಿ ಅಂತ ಸಿಗತ್ತೆ. 32 ಎಂಎಂ ಕಂಬಿ ಮೀಟರ್‌ಗೆ ಸುಮಾರು 6.3 ಕೆಜಿ, ಅಂದ್ರೆ 12 ಮೀಟರ್‌ನ ಒಂದೇ ಒಂದು ಕಂಬಿ ಸುಮಾರು 76 ಕೆಜಿ, ಒಬ್ಬ ದೊಡ್ಡ ಆಳಿನಷ್ಟು. ಅಂಥವು ಹತ್ತಾರು ಸೇರಿದ್ರೆ ಟನ್‌ಗಟ್ಟಲೆ ಆಗತ್ತೆ. ಇನ್ನು ಎತ್ತರ: ಬುಡದಲ್ಲಿ ಮಾತ್ರ ಹಿಡಿತ ಇರೋ ಕೋಲಿನ ಎತ್ತರ ಡಬಲ್ ಆದ್ರೆ ಅಷ್ಟೇ ಜೋರಾಗಿ ತಳ್ಳಿದ್ರೂ ಅದರ ತುದಿ ಎಂಟು ಪಟ್ಟು ಜಾಸ್ತಿ ಅಲುಗಾಡತ್ತೆ. ಸ್ವಲ್ಪ ವಾಲಿದ್ರೆ ಅದರದ್ದೇ ತೂಕ ಇನ್ನೂ ವಾಲಿಸತ್ತೆ, ವಾಲಿದಷ್ಟೂ ಎಳೆತ ಜಾಸ್ತಿ. ಅದಕ್ಕೇ ನಾಲ್ಕೂ ಕಡೆಯಿಂದ ವೈರ್ ರೋಪ್ ಎಳೆದು ನೆಲದ ಗೂಟಗಳಿಗೆ ಕಟ್ಟಬೇಕು, ಇಲ್ಲಾ ಸುತ್ತ ಗಟ್ಟಿ ಚೌಕಟ್ಟು ನಿಲ್ಲಿಸಬೇಕು. ನಾಗವಾರದ ಪ್ರಕರಣದ ತನಿಖೆಯಲ್ಲಿ ನಮ್ಮ ಐಐಎಸ್‌ಸಿ ತಜ್ಞರು ಬೊಟ್ಟು ಮಾಡಿದ್ದೂ ಇದನ್ನೇ, ಪಂಜರವನ್ನ ಹಿಡಿದಿಡೋ ಆಧಾರ ಸಾಲದಾಗಿತ್ತು.

ಇಲ್ಲೊಂದು ವಿಚಿತ್ರ ಗಮನಿಸಿ. ಆ ಪಿಲ್ಲರ್ ಪೂರ್ತಿ ಆಗಿದ್ದಿದ್ರೆ ನೂರು ವರ್ಷ ಅಲ್ಲಾಡ್ತಿರಲಿಲ್ಲ. ಅದರ ಡಿಸೈನ್ ಮಾಡೋಕೆ ದೊಡ್ಡ ದೊಡ್ಡ ಸಾಫ್ಟ್‌ವೇರ್ ಓಡಿಸಿರ್ತಾರೆ, ಭೂಕಂಪ ಬಂದ್ರೆ ಏನು ಗಾಳಿ ಬಂದ್ರೆ ಏನು ಅಂತ ಎಲ್ಲಾ ಲೆಕ್ಕ ಇರತ್ತೆ, ಒಬ್ಬರು ಮಾಡಿದ್ದನ್ನ ಇನ್ನೊಬ್ಬರು ಚೆಕ್ ಮಾಡಿರ್ತಾರೆ. ಆದ್ರೆ ಅದು ಪಿಲ್ಲರ್ ಆಗೋ ಮುಂಚಿನ ಒಂದು ವಾರ ಹೆಂಗೆ ನಿಂತಿರಬೇಕು ಅನ್ನೋದು ಎಷ್ಟೋ ಸೈಟ್‌ಗಳಲ್ಲಿ ಮೇಸ್ತ್ರಿ ಅಂದಾಜಿಗೆ ಬಿಟ್ಟಿದ್ದು. ಸಾರುವೆ, ಸೆಂಟ್ರಿಂಗ್ (ಹಸಿ ಕಾಂಕ್ರೀಟ್ ಗಟ್ಟಿಯಾಗೋ ತನಕ ಹೊರೋ ಚೌಕಟ್ಟು), ಪ್ರಾಪು (ಅದರ ಕೆಳಗಿನ ಆಸರೆ ಕಂಬ), ಗುಂಡಿ ಪಕ್ಕದ ಹಲಗೆ, ಇವೆಲ್ಲ ಕೆಲಸ ಮುಗಿದ ಮೇಲೆ ಬಿಚ್ಚಿ ಎಸೆಯೋ ಸಾಮಾನು ಅಲ್ವಾ, ಅದಕ್ಕೆ ಮರ್ಯಾದೆ ಕಮ್ಮಿ. ಕಟ್ಟಿ ಮುಗಿಸಿದ್ದಕ್ಕಿಂತ ಕಟ್ಟೋಕೆ ಅಂತ ಕಟ್ಟಿಕೊಂಡಿದ್ದೇ ಜಾಸ್ತಿ ಬೀಳೋದು ಅಂತ ನಾನು ಹೇಳೋದು ಇದಕ್ಕೆ.

ಸೆಂಟ್ರಿಂಗ್‌ನೇ ನೋಡಿ. ಆರು ಇಂಚಿನ ಸ್ಲ್ಯಾಬ್ ಅಂದ್ರೆ ಒಂದು ಚದರ ಮೀಟರ್‌ಗೆ ಹತ್ರ ಹತ್ರ 375 ಕೆಜಿ ಹಸಿ ಕಾಂಕ್ರೀಟ್, ಜೊತೆಗೆ ಅದರ ಮೇಲೆ ಓಡಾಡೋ ಹತ್ತು ಜನ, ಕಾಂಕ್ರೀಟನ್ನ ಅದುರಿಸಿ ಕೂರಿಸೋ ವೈಬ್ರೇಟರ್ ಕುಣಿತ ಬೇರೆ. ಇದೆಲ್ಲ ನಿಂತಿರೋದು ಕೆಳಗಿನ ನೀಲಗಿರಿ ಕಂಬ ಅಥವಾ ಕಬ್ಬಿಣದ ಪ್ರಾಪ್‌ಗಳ ಮೇಲೆ. ಉದ್ದ ಕೋಲನ್ನ ಮೇಲಿಂದ ಒತ್ತಿದ್ರೆ ಅದು ಜಜ್ಜಿಹೋಗಲ್ಲ, ಮಧ್ಯದಲ್ಲಿ ಬಿಲ್ಲಿನ ಥರ ಬಾಗಿ ಪಕ್ಕಕ್ಕೆ ಎಗರತ್ತೆ. ಇದರ ಲೆಕ್ಕವನ್ನ ಆಯ್ಲರ್ ಅನ್ನೋ ಗಣಿತಜ್ಞ 18ನೇ ಶತಮಾನದಲ್ಲೇ ಕೊಟ್ಟಿದಾನೆ: ಕಂಬದ ಉದ್ದ ಅರ್ಧ ಆದ್ರೆ ತಾಕತ್ತು ನಾಲ್ಕು ಪಟ್ಟು. ಕಂಬಾನ ಕತ್ತರಿಸಬೇಕಾಗಿಲ್ಲ, ನಡುಮಧ್ಯೆ ಎರಡೂ ದಿಕ್ಕಿಗೆ ಅಡ್ಡಪಟ್ಟಿ ಹೊಡೆದು ಗಟ್ಟಿ ಜಾಗಕ್ಕೆ ಕಟ್ಟಿದ್ರೆ ಸಾಕು, ಪ್ರಕೃತಿಗೆ ಅದು ಎರಡು ಗಿಡ್ಡ ಕಂಬ ಅನ್ನಿಸತ್ತೆ. ನಾನು ಮೊದಲು ಸೇರಿದ್ದ ಒಂದು ಅಪಾರ್ಟ್‌ಮೆಂಟ್ ಸೈಟಲ್ಲಿ (ಹೆಸರು ಬೇಡ ಬಿಡಿ) ಈ ಅಡ್ಡಪಟ್ಟಿ ಯಾಕಿಲ್ಲ ಅಂತ ಕೇಳಿದ್ದಕ್ಕೆ ಮೇಸ್ತ್ರಿ ನಕ್ಕಿದ್ದ, "ಸಾರ್, ಇಪ್ಪತ್ತು ವರ್ಷದಿಂದ ಹಿಂಗೇ ಹಾಕ್ತಿದೀನಿ, ಒಂದಾದ್ರೂ ಬಿದ್ದಿದ್ಯಾ?" ಆ ಸ್ಲ್ಯಾಬ್ ಬೀಳಲಿಲ್ಲ, ನಿಜ. ಅವನ ಇಪ್ಪತ್ತು ವರ್ಷಕ್ಕೆ ಇನ್ನೊಂದು ಸೇರಿಕೊಳ್ತು.

ಗುಂಡಿ ವಿಷಯನೂ ಹಿಂಗೇ ಮೋಸ. ಬೆಂಗಳೂರಿನ ಕೆಂಪು ಮಣ್ಣು ಜೆಸಿಬಿ ಅಗೆದಾಗ ಮೈಸೂರು ಪಾಕ್ ಕತ್ತರಿಸಿದ ಹಾಗೆ ನೆಟ್ಟಗೆ ನಿಂತಿರತ್ತೆ, ಒಳಗಿನ ತೇವ ಕಣಕಣಗಳನ್ನ ಎಳೆದು ಹಿಡಿದಿರೋದರಿಂದ. ಒಣಗಿದ್ರೆ ಬಿರುಕು, ಮಳೆ ಬಂದ್ರೆ ಆ ಹಿಡಿತ ಮಾಯ. ಒಂದು ಘನ ಮೀಟರ್ ಮಣ್ಣು ಒಂದೂವರೆ ಟನ್‌ಗಿಂತ ಜಾಸ್ತಿ, ಎದೆ ಮಟ್ಟಕ್ಕೆ ಮುಚ್ಚಿದ್ರೂ ಸಾಕು, ಉಸಿರು ಬಿಟ್ಟಾಗ ಮಣ್ಣು ಆ ಜಾಗಕ್ಕೆ ಕೂರತ್ತೆ, ಮತ್ತೆ ಎಳ್ಕೊಳ್ಳೋಕೆ ಆಗಲ್ಲ. ಒಂದೂವರೆ ಮೀಟರ್ ಆಳ ದಾಟಿದ್ರೆ ಪಕ್ಕಕ್ಕೆ ಆಧಾರ ಕೊಡಿ ಇಲ್ಲಾ ಇಳಿಜಾರು ಮಾಡಿ ಅಂತ ನಿಯಮ ಇರೋದು ಇದಕ್ಕೇ.

ಈಗ ಸ್ವಲ್ಪ ದೂರ ಹೋಗೋಣ, ಸ್ಯಾನ್ ಫ್ರಾನ್ಸಿಸ್ಕೋಗೆ. 1933ರಲ್ಲಿ ಗೋಲ್ಡನ್ ಗೇಟ್ ಸೇತುವೆ ಕೆಲಸ ಶುರುವಾದಾಗ ಅಮೆರಿಕದ ಕನ್ಸ್ಟ್ರಕ್ಷನ್ ಲೈನಲ್ಲಿ ಒಂದು ಕ್ರೂರ ಲೆಕ್ಕ ಚಾಲ್ತಿಯಲ್ಲಿತ್ತು, ಹತ್ತು ಲಕ್ಷ ಡಾಲರ್ ಖರ್ಚಿಗೆ ಒಂದು ಜೀವ ಅಂತ. ಮೂರೂವರೆ ಕೋಟಿ ಡಾಲರ್ ಸೇತುವೆ ಅದು, ಅಂದ್ರೆ 35 ಹೆಣ ಅಂತ ಮೊದಲೇ ಅಂದಾಜು. ಮುಖ್ಯ ಎಂಜಿನಿಯರ್ ಜೋಸೆಫ್ ಸ್ಟ್ರಾಸ್ ಇದಕ್ಕೆ ಒಪ್ಪಲಿಲ್ಲ, ಎಲ್ರಿಗೂ ಗಟ್ಟಿ ಟೋಪಿ ಕಡ್ಡಾಯ ಮಾಡಿದ, ಸುಮಾರು 1,30,000 ಡಾಲರ್ ಖರ್ಚು ಮಾಡಿ ಸೇತುವೆ ಕೆಳಗೆ ಹಗ್ಗದ ಬಲೆ ಕಟ್ಟಿಸಿದ. ಆ ಬಲೆಗೆ ಬಿದ್ದು ಬದುಕಿದೋರು 19 ಜನ, ಅವರೆಲ್ಲ ಸೇರಿ ತಮ್ಮದೇ ಒಂದು ಸಂಘ ಮಾಡಿಕೊಂಡಿದ್ರು, ನರಕದ ಅರ್ಧ ದಾರಿ ನೋಡಿ ಬಂದೋರ ಸಂಘ ಅಂತ. ಕೆಲಸ ಹೆಚ್ಚುಕಮ್ಮಿ ಮುಗಿಯೋ ತನಕ ಸತ್ತಿದ್ದು ಒಬ್ಬರೇ.

ಆಮೇಲೆ 1937ರ ಫೆಬ್ರವರಿ 17. ಸೇತುವೆ ಅಡಿಯಲ್ಲಿ ನೇತಾಡ್ತಿದ್ದ ಕೆಲಸದ ಅಟ್ಟಣೆಯೊಂದು ಕೊಂಡಿ ಕಳಚಿ ಕೆಳಗೆ ಬಿತ್ತು, ಟನ್‌ಗಟ್ಟಲೆ ಭಾರದ್ದು. ಬಲೆ ಮನುಷ್ಯರಿಗೆ ಅಂತ ಕಟ್ಟಿದ್ದು, ಅಟ್ಟಣೆಗೆ ಅಲ್ಲ, ಹರಿದುಕೊಂಡು ಹೋಯ್ತು. 12 ಜನ ನೀರಿಗೆ ಬಿದ್ರು, ಇಬ್ಬರು ಮಾತ್ರ ಉಳಿದರು. ಸೇತುವೆಗೆ ಏನೂ ಆಗಲಿಲ್ಲ, ಇವತ್ತಿಗೂ ನಿಂತಿದೆ. ಕೈ ಕೊಟ್ಟಿದ್ದು ಮತ್ತೆ ಅದೇ, ಆಮೇಲೆ ಬಿಚ್ಚಿ ಎಸೆಯಬೇಕಿದ್ದ ವಸ್ತು.

ಬಲೆ ಮಾಡೋ ಕೆಲಸ ಏನು ಅಂದ್ರೆ ಬಿದ್ದವನಿಗೆ ನಿಲ್ಲೋಕೆ ಸ್ವಲ್ಪ ದೂರ ಕೊಡೋದು. 80 ಕೆಜಿ ಮನುಷ್ಯ ಎರಡು ಮೀಟರ್ ಬಿದ್ರೆ ಅಷ್ಟೊತ್ತಿಗೇ ಗಂಟೆಗೆ 22 ಕಿಲೋಮೀಟರ್ ವೇಗ ಬಂದಿರತ್ತೆ. ಆ ವೇಗವನ್ನ ಹತ್ತು ಸೆಂಟಿಮೀಟರ್‌ನಲ್ಲಿ ನಿಲ್ಲಿಸಿದ್ರೆ ಮೈಮೇಲೆ ಒಂದೂವರೆ ಟನ್‌ಗಿಂತ ಜಾಸ್ತಿ ಎಳೆತ, ಒಂದು ಮೀಟರ್‌ನಲ್ಲಿ ನಿಲ್ಲಿಸಿದ್ರೆ ಕಾಲು ಟನ್ ಆಸುಪಾಸು. ಕ್ರಿಕೆಟ್‌ನಲ್ಲಿ ಕ್ಯಾಚ್ ಹಿಡಿಯೋವಾಗ ಕೈ ಹಿಂದಕ್ಕೆ ಎಳ್ಕೊತೀವಲ್ಲ, ಅದೇ ಸೂತ್ರ. ಎತ್ತರದಲ್ಲಿ ಕೆಲಸ ಮಾಡೋರು ಮೈಗೆ ಕಟ್ಟಿಕೊಳ್ಳೋ ಸೇಫ್ಟಿ ಹಾರ್ನೆಸ್‌ನ ಹಗ್ಗದಲ್ಲಿ ಒಂದು ಪುಟ್ಟ ಪೊಟ್ಟಣ ನೋಡಿರ್ತೀರ, ಅದರೊಳಗೆ ಮಡಿಚಿ ಹೊಲಿದ ಪಟ್ಟಿ ಇರತ್ತೆ, ಬಿದ್ದಾಗ ಹೊಲಿಗೆ ಪರಪರ ಅಂತ ಹರಿಯತ್ತೆ, ಹರಿಯೋದೇ ಅದರ ಕೆಲಸ. ಹಳೇ ಕಾಲದ ಸೊಂಟದ ಬೆಲ್ಟ್ ಇದ್ರೆ ಆ ಎಳೆತ ಎಲ್ಲಾ ಹೊಟ್ಟೆ ಬೆನ್ನಿಗೇ ಬೀಳ್ತಿತ್ತು, ಹಾರ್ನೆಸ್ ಅದನ್ನ ತೊಡೆಗೆ ಭುಜಕ್ಕೆ ಹಂಚತ್ತೆ.

ಆದ್ರೆ ಇದರಲ್ಲೂ ಒಂದು ಪೇಚಿದೆ, ಹೆಚ್ಚಿನವರಿಗೆ ಗೊತ್ತಿಲ್ಲ. ಹಗ್ಗ ಎರಡು ಮೀಟರ್, ಪೊಟ್ಟಣ ಬಿಚ್ಚಿಕೊಳ್ಳೋಕೆ ಒಂದೂಮುಕ್ಕಾಲು ಮೀಟರ್ ತನಕ, ಕೊಂಡಿಯಿಂದ ಕಾಲಿನ ತನಕ ಒಂದೂವರೆ, ಕಾಲಿಗೂ ನೆಲಕ್ಕೂ ಮಧ್ಯೆ ಒಂದು ಮೀಟರ್ ಬಿಡುವು, ಅಂದ್ರೆ ಒಟ್ಟು ಆರು ಮೀಟರ್ ದಾಟಿತು. ಮೊದಲನೇ ಮಹಡಿ ಹೈಟ್ ಇರೋದೇ ಮೂರು ಮೀಟರ್! ಅಲ್ಲಿ ಕಾಲ ಹತ್ರ ಕೊಕ್ಕೆ ಹಾಕ್ಕೊಂಡು ಕೆಲಸ ಮಾಡೋನು ಹಾರ್ನೆಸ್ ಹಾಕಿದ್ರೂ ನೆಲಕ್ಕೇ ಬಡೀತಾನೆ. ಹತ್ತು ಮಹಡಿ ಮೇಲಿರೋನಿಗೆ ಕೆಲಸ ಮಾಡೋ ಸಾಧನ ಕೆಳಗಿರೋನಿಗೆ ಮಾಡಲ್ಲ, ಅಲ್ಲಿ ಬೇಕಾಗಿರೋದು ಅಂಚಿಗೆ ಗಟ್ಟಿ ಕಂಬಿಬೇಲಿ. ಇನ್ನು ನೇತಾಡ್ತಾ ಉಳಿದೋನನ್ನ ಬೇಗ ಇಳಿಸಬೇಕು, ಅಲ್ಲಾಡದೇ ನೇತಾಡಿದ್ರೆ ರಕ್ತ ಕಾಲಲ್ಲೇ ನಿಂತು ಪ್ರಜ್ಞೆ ತಪ್ಪತ್ತೆ.

ಇಷ್ಟೆಲ್ಲ ಫಿಸಿಕ್ಸ್ ಇದ್ರೂ ಪೇಪರ್‌ನಲ್ಲಿ ಬರೋದು ಮಾತ್ರ "ಕಾರ್ಮಿಕನ ನಿರ್ಲಕ್ಷ್ಯ". ಇದಕ್ಕೂ ಒಂದು ಇತಿಹಾಸ ಇದೆ. ಅಮೆರಿಕದ ವಿಮಾ ಕಂಪನಿಯೊಂದರಲ್ಲಿದ್ದ ಹರ್ಬರ್ಟ್ ಹೈನ್ರಿಕ್ ಅನ್ನೋನು 75,000 ಅಪಘಾತಗಳ ಕಡತ ನೋಡಿ 88 ಪರ್ಸೆಂಟ್‌ಗೆ ಕೆಲಸಗಾರರ ತಪ್ಪು ನಡವಳಿಕೆಯೇ ಕಾರಣ ಅಂದ, 1931ರಲ್ಲಿ ಅದು ಅಚ್ಚಾಯ್ತು, ಆ ನಂಬರ್ ಇವತ್ತಿಗೂ ಸೇಫ್ಟಿ ಟ್ರೈನಿಂಗ್‌ಗಳಲ್ಲಿ ಓಡಾಡತ್ತೆ. ಆದ್ರೆ ಆ ಕಡತಗಳು ವಿಮಾ ಕ್ಲೇಮು ಮತ್ತೆ ಫ್ಯಾಕ್ಟರಿ ಮಾಲೀಕರ ದಾಖಲೆಗಳು, ಬಿದ್ದವನನ್ನ ಕೇಳಿ ಬರೆದಿದ್ದಲ್ಲ. ಮೇಲಿನವರು ಬರೆದ ವರದಿಯಲ್ಲಿ ಕೆಳಗಿನವರ ತಪ್ಪು ಜಾಸ್ತಿ ಸಿಕ್ಕಿದ್ದು ನನಗಂತೂ ಆಶ್ಚರ್ಯ ಅನ್ನಿಸಲ್ಲ.

ದೊಡ್ಡ ಕಂಪನಿ ಮನಸ್ಸು ಮಾಡಿದ್ರೆ ಏನಾಗತ್ತೆ ಅನ್ನೋಕೂ ಉದಾಹರಣೆ ನಮ್ಮೂರಲ್ಲೇ ಇದೆ, ಭೂಮಿ ಒಳಗೆ. ಎಲ್ ಅಂಡ್ ಟಿ ಅಂತ ಕರೀತೀವಲ್ಲ, ಲಾರ್ಸನ್ ಅಂಡ್ ಟೂಬ್ರೋ, 1938ರಲ್ಲಿ ಇಬ್ಬರು ಡೆನ್ಮಾರ್ಕ್ ಎಂಜಿನಿಯರ್‌ಗಳು ಮುಂಬೈಯಲ್ಲಿ ಶುರು ಮಾಡಿದ್ದು, ನಮ್ಮ ಮೆಟ್ರೋದ ಪಿಂಕ್ ಲೈನಲ್ಲಿ ಶಿವಾಜಿನಗರದ ಕಡೆ ಸುರಂಗ ಕೊರೆದಿದ್ದು ಅವರೇ. ಅವರ ಊರ್ಜಾ ಅನ್ನೋ ಟಿಬಿಎಂ, ಅಂದ್ರೆ ಸುರಂಗ ಕೊರೆಯೋ ಮೆಷಿನ್, ಕಂಟೋನ್ಮೆಂಟ್‌ನಿಂದ ಹೊರಟು 2021ರ ಸೆಪ್ಟೆಂಬರ್‌ನಲ್ಲಿ ಶಿವಾಜಿನಗರದಲ್ಲಿ ತಲೆ ಹೊರಗೆ ಹಾಕ್ತು, 855 ಮೀಟರ್‌ಗೆ ವರ್ಷದ ಮೇಲೇ ಹಿಡೀತು, ಯಾಕಂದ್ರೆ ಬೆಂಗಳೂರಿನ ನೆಲ ಮಹಾ ಕಿರಿಕ್, ಒಂದು ಕಡೆ ಮೆತ್ತನೆ ಮಣ್ಣು, ಅದರ ನಡುವೆ ಕರಿಕಲ್ಲಿನ ಗುಂಡು. ಟಿಬಿಎಂ ಅಂದ್ರೆ ಎಲ್ರೂ ಮುಂದೆ ತಿರುಗೋ ಹಲ್ಲಿನ ಚಕ್ರ ನೋಡ್ತಾರೆ, ನನಗೆ ಇಷ್ಟ ಅದರ ಹಿಂದಿನ ಉಕ್ಕಿನ ಕೊಳವೆ. ಮೇಲಿನ ಮಣ್ಣನ್ನ ಅದು ಹೊತ್ಕೊಂಡಿರತ್ತೆ, ಅದರ ಹೊಟ್ಟೆಯೊಳಗೇ ನಿಂತು ಜನ ಕಾಂಕ್ರೀಟಿನ ರಿಂಗ್ ಜೋಡಿಸ್ತಾರೆ, ರಿಂಗ್ ಕೂತ ಮೇಲೆ ಕೊಳವೆ ಮುಂದಕ್ಕೆ ಜರುಗತ್ತೆ. ಹಡಗಿನ ಮರ ಕೊರೆಯೋ ಹುಳ ನೋಡಿ ಈ ಐಡಿಯಾ ಹೊಳೆದಿದ್ದು ಎಂಜಿನಿಯರ್ ಮಾರ್ಕ್ ಬ್ರೂನೆಲ್‌ಗೆ, 1818ರಲ್ಲಿ ಪೇಟೆಂಟ್ ತಗೊಂಡ, ಲಂಡನ್‌ನ ಥೇಮ್ಸ್ ನದಿ ಅಡಿಯಲ್ಲಿ 1825ರಿಂದ 1843ರ ತನಕ ಒದ್ದಾಡಿ ಸುರಂಗ ಮಾಡಿದ, ಮಧ್ಯೆ ನೀರು ನುಗ್ಗಿ ಜನನೂ ಸತ್ರು. ಅಂದ್ರೆ ಇಲ್ಲಿ ಬಿಚ್ಚಿ ಎಸೆಯೋ ಸಾರುವೆಯನ್ನೇ ಕೋಟ್ಯಂತರ ರೂಪಾಯಿಯ ಮೆಷಿನ್ ಮಾಡಿಬಿಟ್ಟಿದಾರೆ, ಅದಿಲ್ಲದೇ ಕೆಲಸ ಒಂದಿಂಚೂ ಮುಂದಕ್ಕೆ ಹೋಗಲ್ಲ, ಹಾಗಾಗಿ ಯಾರೂ ಅದನ್ನ ಮರೆಯೋಕೂ ಆಗಲ್ಲ.

ಮರೆಯೋಕೆ ಆಗೋದು ಹಗ್ಗ, ಗೂಟ, ಹಲಗೆ. ಅದನ್ನ ಕಟ್ಟೋರು ಕಂಪನಿ ಐಡಿ ಕಾರ್ಡ್‌ನವರಲ್ಲ, ಕಾಂಟ್ರಾಕ್ಟರ್ ಕೆಳಗಿನ ಸಬ್ ಕಾಂಟ್ರಾಕ್ಟರ್, ಅವನ ಕೆಳಗಿನ ಮೇಸ್ತ್ರಿ, ಅವನು ಕರ್ಕೊಂಡು ಬಂದಿರೋ ರಾಯಚೂರು ಯಾದಗಿರಿಯಿಂದ ಗುಳೆ ಬಂದೋರು, ಬಿಹಾರ ಒಡಿಶಾದ ಹುಡುಗರು.

ಹೋದ ಸಲ ಮಳೆಗಾಲದಲ್ಲಿ ನಮ್ಮ ಏರಿಯಾದ ಫ್ಲೈಓವರ್ ಕೆಲಸದ ಹತ್ರ ಅಂಥದ್ದೇ ಒಂದು ಪಂಜರ ನಿಂತಿತ್ತು, ಗಾಡಿ ನಿಲ್ಲಿಸಿ ವೈರ್ ರೋಪ್ ಎಣಿಸ್ತಿದ್ದೆ, ನಾಲ್ಕೂ ಇತ್ತು, ಬಿಗಿಯಾಗೇ ಇತ್ತು. ಅಲ್ಲೇ ಕೂತು ಬುತ್ತಿ ಬಿಚ್ಚುತ್ತಿದ್ದ ಸಿಂಧನೂರು ಕಡೆಯ ಒಬ್ಬ ಹಿರಿಯ ಬಾರ್ ಬೆಂಡರ್ (ಕಂಬಿ ಬಾಗಿಸಿ ಕಟ್ಟೋನು) ನನ್ನನ್ನ ನೋಡ್ತಾನೇ ಇದ್ದ.

"ಹಗ್ಗ ಏನ್ ನೋಡ್ತೀರಿ ಸರ, ಗೂಟ ನೋಡ್ರಿ. ನಿನ್ನಿ ರಾತ್ರಿ ಮಳಿ ಬಂದಾದ."